ಕರೆಂಟ್ ಗಾಡಿ: ಮೊದಲು ಯಾವುದನ್ನು ಬದಲಿಸಬೇಕು?

ಹಳೇಬೀಡಿನ ಹತ್ತಿರ ನಮ್ಮ ತೋಟ. ಅಣ್ಣತಮ್ಮಂದಿರು ಸೇರಿ ಎರಡು ಗೂಡ್ಸ್ ಆಟೋ, ಒಂದು ಪಿಕಪ್ ಬಾಡಿಗೆಗೆ ಓಡಿಸುತ್ತೇವೆ. ಎಲ್ಲವೂ ಡೀಸೆಲ್ಲಿನವೇ ಇದ್ದವು.

ಕರೆಂಟ್ ಗಾಡಿ ಕೊಳ್ಳುವ ಮುಂಚೆ ಒಂದು ತಿಂಗಳು ಪುಸ್ತಕದಲ್ಲಿ ಬರೆದಿಟ್ಟೆವು. ಯಾವ ಗಾಡಿ ಎಷ್ಟು ಓಡುತ್ತೆ, ರಾತ್ರಿ ಎಲ್ಲಿ ನಿಲ್ಲುತ್ತೆ ಅಂತ. ಒಂದು ಆಟೋ ತರಕಾರಿ ಹೊತ್ತು 16 ಕಿ.ಮೀ. ದೂರದ ಬೇಲೂರಿಗೆ ದಿನಕ್ಕೆರಡು ಸಲ ಹೋಗಿಬರುತ್ತೆ, ಸಂಜೆ ಮನೆಯಲ್ಲೇ. ಅದನ್ನೇ ಬದಲಿಸಿದೆವು. ಅರಸೀಕೆರೆಗೆ ಕೊಬ್ಬರಿ ಒಯ್ಯುವ ಪಿಕಪ್ ಮುಟ್ಟಲಿಲ್ಲ. ದಾರಿ ಉದ್ದ, ವಾಪಸು ಯಾವ ಬಾಡಿಗೆ ಸಿಗುತ್ತೋ ಹೇಳಕ್ಕಾಗಲ್ಲ.

ಚಾರ್ಜಿಗೆ ಮನೆ ಮೀಟರಿನಿಂದ 16 ಆಂಪಿಯರ್ ಸಾಕೆಟ್, ಗಟ್ಟಿ ಅರ್ಥಿಂಗ್ ಬೇಕು. ಪಂಪ್‌ಸೆಟ್ ಲೈನಿಗೆ ಸಿಕ್ಕಿಸಬೇಡಿ, ಅದು ನೀರೆತ್ತೋಕೆ ಕೊಟ್ಟ ಕರೆಂಟು.

ನಾವು ಎಡವಿದ್ದು ಬಿಲ್ಲಿನಲ್ಲಿ. ದಿನಕ್ಕೆ 7 ಯೂನಿಟ್, 25 ದಿನಕ್ಕೆ 175. ಮನೆ ಬಳಕೆ 60 ಸೇರಿ 200 ದಾಟಿತು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರಾ ಬಿಲ್ ಕಟ್ಟಬೇಕು! ಆದರೂ ಮೊದಲು ದಿನಕ್ಕೆ ಎರಡು ಲೀಟರ್ ಮೇಲೆ ಡೀಸೆಲ್ ಕುಡೀತಿತ್ತು. ಉಳಿತಾಯ ಇದ್ದೇ ಇದೆ. ವಾಹನ ಚಾರ್ಜಿಂಗಿಗೆ ಬೇರೆಯೇ ದರ ಇದೆ. ಗಾಡಿ ಬುಕ್ ಮಾಡುವ ಮೊದಲೇ ಸೆಸ್ಕ್ ಆಫೀಸಿನಲ್ಲಿ ಬೇರೆ ಮೀಟರ್ ವಿಚಾರಿಸಿ.

ಎರಡನೇ ಆಟೋ ಬದಲಿಸೋದು ಒಂದು ಮಳೆಗಾಲ ಕಳೆದ ಮೇಲೆ. ಕರೆಂಟು ಹೋದ ರಾತ್ರಿಗಳನ್ನೂ ಈಗ ಅದೇ ಪುಸ್ತಕದಲ್ಲಿ ಬರೀತಿದ್ದೇವೆ.