ಟೈರಿನ ಮೇಲಿನ ಶಾಸನ

ಕಥೆ, ಕವನ, ವಿಮರ್ಶೆಗಳಿಂದ ತುಂಬಿರುವ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಟ್ರೇಲರಿನ ಟೈರಿನ ವಿಷಯವಾಗಿ ಒಂದು ಲೇಖನವನ್ನು ಕಂಡು ವಾಚಕರು ಹುಬ್ಬೇರಿಸಬಹುದು. ಕಲಾವಿಭಾಗದ ವಿದ್ಯಾರ್ಥಿಗೆ ಟೈರಿನ ಗೊಡವೆ ಏಕೆಂದು ಸಂಪಾದಕ ಮಿತ್ರರೂ ಕೇಳಿದರು. ನಮ್ಮಲ್ಲಿ ಅನೇಕರು ರೈತರ ಮಕ್ಕಳು. ಮನೆಯಲ್ಲಿ ಟೈರು ಕೊಳ್ಳುವ ಪ್ರಸಂಗ ಬಂದಾಗ "ಓದಿದವ ನೀನ ನೋಡಿ ತಗೊಂಡು ಬಾ" ಎಂದು ನಮ್ಮನ್ನೇ ಅಟ್ಟುತ್ತಾರೆ ಎಂಬುದೇ ನಾನು ಅವರಿಗೆ ಕೊಟ್ಟ ಉತ್ತರ. ಓದಿದವನೆನಿಸಿದ ನಾನು ಓದಬೇಕಾದುದನ್ನು ಓದದೆ ಹೋದುದರಿಂದ ಏನಾಯಿತೆಂಬುದನ್ನೂ, ತರುವಾಯ ನಾನು ಕಲಿತುದೇನೆಂಬುದನ್ನೂ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮೂರು ತಳಕಲ್. ಹುಬ್ಬಳ್ಳಿ–ಗುಂತಕಲ್ ರೈಲುಮಾರ್ಗದಲ್ಲಿ ಗದಗಿಗೂ ಕೊಪ್ಪಳಕ್ಕೂ ನಡುವೆ ಇರುವ ಊರು. ವಾಡಿಯ ಕಡೆಗೆ ಹೋಗುವ ಹೊಸ ಮಾರ್ಗವು ಕವಲೊಡೆಯುವುದು ಇಲ್ಲಿಯೇ. ಮಳೆಯನ್ನೇ ನಂಬಿದ ಎರೆಭೂಮಿ ನಮ್ಮದು. ಜೋಳ, ಕಡಲೆ, ಮೆಕ್ಕೆಜೋಳಗಳ ಸುಗ್ಗಿಯಲ್ಲಿ ನಮ್ಮ ನಾಲ್ಕು ಗಾಲಿಯ ಟ್ರೇಲರಿಗೆ ಬಿಡುವಿಲ್ಲ; ಸುಗ್ಗಿ ತೀರಿತೆಂದರೆ ತಿಂಗಳುಗಟ್ಟಲೆ ಹಿತ್ತಲಿನ ಬಿಸಿಲಿನಲ್ಲಿ ನಿಂತಿರುವುದೇ ಅದರ ಕೆಲಸ. ನಡುವೆ ಒಂದೇ ಒಂದು ವಿಶೇಷ ಪ್ರಯಾಣವುಂಟು. ಬೇಸಿಗೆಯ ಕೊನೆಯಲ್ಲಿ ಹುಲಿಗೆಮ್ಮನ ಜಾತ್ರೆ. ಅಜ್ಜನ ಕಾಲದಲ್ಲಿ ಕೊಲ್ಲಾರಿ ಕಟ್ಟಿದ ಚಕ್ಕಡಿಯಲ್ಲಿ ಹೋಗುತ್ತಿದ್ದರಂತೆ. ಈಗ ಟ್ರೇಲರಿಗೆ ಬಿದಿರು ಬಗ್ಗಿಸಿ, ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು ಹಾಸಿ ಗುಡಾರ ಬಿಗಿದರೆ ಅದೇ ಕೊಲ್ಲಾರಿ. ಒಲೆ, ಪಾತ್ರೆ, ರೊಟ್ಟಿಯ ಗಂಟು, ನೀರಿನ ಡ್ರಮ್ಮು, ಹಾಸಿಗೆ ಎಲ್ಲವೂ ಅದರಲ್ಲೇ. ಮೂರು ರಾತ್ರಿ ನದಿಯ ಸಮೀಪದ ಬಯಲಿನಲ್ಲಿ ಅದೇ ನಮ್ಮ ಮನೆ. ಪರದೇಶಗಳಲ್ಲಿ ಶ್ರೀಮಂತರು ಕಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು ಪ್ರವಾಸ ಹೋಗುತ್ತಾರೆಂದು ಓದಿದ್ದೇನೆ. ನಮ್ಮ ಭಾಗದ ಬಡವರೂ ಆ ಸುಖವನ್ನು ಅರಿಯದವರಲ್ಲ.

2024ರ ಜಾತ್ರೆಗೆ ಮೊದಲು ಟ್ರೇಲರಿನ ಹಿಂದಿನ ಎರಡು ಟೈರುಗಳು ಹೋಗಿದ್ದವು. ಮಳೆ ಕೈಕೊಟ್ಟು ಕೈಯಲ್ಲಿ ಹಣವಿಲ್ಲದ ವರ್ಷ. ಅಗ್ಗವಾಗಿ ತರಬೇಕೆಂದು ಅಪ್ಪ ನನ್ನನ್ನು ಕಳಿಸಿದರು. ಸಮೀಪದ ಪೇಟೆಯ ಅಂಗಡಿಯೊಂದರಲ್ಲಿ ಹಳೆಯ ಟೈರುಗಳ ಜೋಡಿಯೊಂದು ಕಣ್ಣಿಗೆ ಬಿತ್ತು. ಕಪ್ಪಗೆ ಮಿರಮಿರನೆ ಮಿಂಚುತ್ತಿದ್ದವು, ಗೆರೆಗಳು ಆಳವಾಗಿದ್ದವು, ಬೆಲೆ ಹೊಸದರ ಅರ್ಧಕ್ಕಿಂತಲೂ ಕಡಿಮೆ. ಅಪ್ಪನ ಹಣ ಉಳಿಸಿದೆನೆಂಬ ಹೆಮ್ಮೆಯಿಂದ ತಂದು ಹಾಕಿಸಿದೆ.

ಜಾತ್ರೆಗೆ ಹೊರಟವರು ಹದಿನೆಂಟು ಜನ. ಕೊಪ್ಪಳವನ್ನು ದಾಟಿ ಮಟಮಟ ಮಧ್ಯಾಹ್ನದಲ್ಲಿ ಹೋಗುತ್ತಿರುವಾಗ ಹಿಂದಿನ ಎಡಗಾಲಿಯಲ್ಲಿ ಗುಂಡು ಹಾರಿದಂತೆ ಸಪ್ಪಳವಾಯಿತು. ಟ್ರೇಲರು ಒಂದು ಮಗ್ಗುಲಿಗೆ ವಾಲಿ ರಸ್ತೆಯಂಚಿನ ತಗ್ಗಿಗೆ ಇಳಿದು ನಿಂತಿತು. ಉರುಳಲಿಲ್ಲವೆಂಬುದೇ ದೇವಿಯ ಕೃಪೆ. ಆದರೆ ಅಂಚಿನಲ್ಲಿ ಕುಳಿತಿದ್ದ ನಮ್ಮ ಚಿಗವ್ವ ಕೆಳಗೆ ಬಿದ್ದು ಬಲಗೈ ಮುರಿದುಕೊಂಡರು. ಅವರ ಮಡಿಲಲ್ಲಿ ಎರಡು ವರ್ಷದ ಕೂಸಿತ್ತು. ಕೂಸಿಗೆ ಪೆಟ್ಟಾಗದಂತೆ ಅವ್ವ ತನ್ನ ಕೈಯನ್ನು ಕೊಟ್ಟಳು.

ಬಿಚ್ಚಿದ ಟೈರನ್ನು ದಾರಿಯ ಪಂಕ್ಚರ್ ಅಂಗಡಿಗೆ ಒಯ್ದೆವು. ಅಲ್ಲಿಯ ವೃದ್ಧರು ಅದನ್ನು ಒಮ್ಮೆ ತಿರುವಿ, ಪಕ್ಕದ ಮೈಯನ್ನು ಹಸಿಬಟ್ಟೆಯಿಂದ ಒರೆಸಿ, ಒಂದೆಡೆ ಬೆರಳಿಟ್ಟರು.

"ತಮ್ಮಾ, ಸಾಲಿ ಕಲಿತೀಯೇನು?"

"ಹೌದ್ರಿ ಕಾಕಾ, ಬಿ.ಎ."

"ಹಂಗಾರ ಇದನ್ನ ಓದು."

ಅಲ್ಲಿ 0813 ಎಂಬ ನಾಲ್ಕು ಅಂಕೆಗಳಿದ್ದವು. ನನಗೆ ಏನೂ ಹೊಳೆಯಲಿಲ್ಲ. "2013ನೇ ಇಸವಿ, ಎಂಟನೇ ವಾರ. ಈ ಟೈರಿಗೆ ಹನ್ನೊಂದು ವರ್ಷ ಆಗ್ಯಾವು. ಮ್ಯಾಲಿನ ಗೆರಿ ಆಮ್ಯಾಲೆ ಕೆತ್ತಿದ್ದು, ಹೊಳಪು ಬಣ್ಣದ್ದು" ಎಂದರು. ಸವೆದ ಟೈರಿನಲ್ಲಿ ಉಳಿದಿದ್ದ ತೆಳುವಾದ ರಬ್ಬರನ್ನು ಬಿಸಿ ಕತ್ತಿಯಿಂದ ಇನ್ನಷ್ಟು ಕೊರೆದು ಆಳದ ಗೆರೆ ಮಾಡಿದ್ದರು! ಕೊಪ್ಪಳದ ಗವಿಮಠದ ಬೆಟ್ಟ ಹತ್ತಿ ಅಶೋಕನ ಶಾಸನವನ್ನು ನೋಡಿ ಬಂದು ಪ್ರಬಂಧ ಬರೆದವನು ನಾನು. ಕೈಯಳತೆಯಲ್ಲಿದ್ದ ಈ ಶಾಸನವನ್ನು ಓದುವುದು ನನಗೆ ಗೊತ್ತಿರಲಿಲ್ಲ. ಆ ದಿನದಿಂದ ಟೈರಿನ ವಿಷಯವನ್ನು ಸಿಕ್ಕಲ್ಲಿ ಕೇಳಿ, ಸಿಕ್ಕುದನ್ನು ಓದಿ ತಿಳಿದುಕೊಂಡೆ.

ಮೊದಲು ತಿಳಿಯಬೇಕಾದ ಮಾತೊಂದಿದೆ. ಲಾರಿಯ ಟೈರು ಓಡಿ ಸವೆಯುತ್ತದೆ. ನಮ್ಮ ಟ್ರೇಲರಿನ ಟೈರು ನಿಂತು ಮುದಿಯಾಗುತ್ತದೆ. ಹಸಿ ರಬ್ಬರು ಬಿಸಿಲಿಗೆ ಮೆತ್ತಗಾಗಿ ಚಳಿಗೆ ಬಿರುಸಾಗುವ ಪದಾರ್ಥ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತ 1839ರಲ್ಲಿ ಅದಕ್ಕೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸುವ ವಿದ್ಯೆಯನ್ನು ಕಂಡುಹಿಡಿದ. ಟೈರಿಗೆ ಕಪ್ಪು ಬಣ್ಣ ಬರುವುದು ಬಲಕ್ಕಾಗಿ ಬೆರೆಸುವ ಇಂಗಾಲದ ಮಸಿಯಿಂದ. ಬಿಸಿಲಿನ ಹೊಡೆತವನ್ನು ತಡೆಯುವುದೂ ಅದೇ. ಗಾಳಿಯಲ್ಲಿರುವ ಓಝೋನು ರಬ್ಬರನ್ನು ಸೀಳುತ್ತದೆಂದು ಒಂದು ಬಗೆಯ ಮೇಣವನ್ನೂ ಬೆರೆಸಿರುತ್ತಾರೆ. ಗಾಲಿ ಉರುಳಿ ಟೈರು ಬಾಗಿ ಬಳುಕಿದಾಗ ಈ ಮೇಣ ಮೇಲೆ ಬಂದು ಮೈಯನ್ನು ಕಾಯುತ್ತದೆ. ಅಲುಗದೆ ನಿಂತ ಟೈರಿಗೆ ಆ ರಕ್ಷಣೆ ಸಾಲದು. ಪಕ್ಕದ ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಆದುದರಿಂದ ಟ್ರೇಲರಿನ ಟೈರಿನಲ್ಲಿ ಗೆರೆಯ ಆಳವನ್ನು ನೋಡಿ ಮೋಸಹೋಗುವುದಕ್ಕಿಂತ ವಯಸ್ಸನ್ನು ಮೊದಲು ಕೇಳಬೇಕು.

ಇನ್ನು ಶಾಸನದ ಸಾಲುಗಳಿಗೆ ಬರೋಣ. ದೊಡ್ಡಕ್ಷರದಲ್ಲಿ ಇರುವುದು ಅಳತೆ. 9.00-16 ಎಂದಿದ್ದರೆ ಟೈರಿನ ಅಗಲ ಸುಮಾರು ಒಂಬತ್ತು ಅಂಗುಲ, ಅದು ಕೂರುವ ರಿಮ್ಮಿನ ವ್ಯಾಸ ಹದಿನಾರು ಅಂಗುಲ ಎಂದರ್ಥ. ನಡುವೆ ಅಡ್ಡಗೆರೆಯಿದ್ದರೆ ಒಳಗಿನ ದಾರದ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯ್ದಿರುತ್ತವೆ. ಅಲ್ಲಿ 'ಆರ್' ಅಕ್ಷರವಿದ್ದರೆ ಅದು ರೇಡಿಯಲ್. 7.50-16 ಟೈರಿಗೂ ರಿಮ್ಮಿನ ವ್ಯಾಸ ಹದಿನಾರೇ. ಅಗ್ಗಕ್ಕೆ ಸಿಕ್ಕಿತೆಂದು ಒಂದು ಬದಿಗೆ ಇದನ್ನೂ ಇನ್ನೊಂದು ಬದಿಗೆ ಅದನ್ನೂ ಹಾಕುವವರನ್ನು ನಾನು ಕಂಡಿದ್ದೇನೆ. ಒಂದೇ ಅಚ್ಚಿನ ಎರಡು ಗಾಲಿಗಳ ಎತ್ತರ ಬೇರೆಯಾದರೆ ಟ್ರೇಲರು ಒಂದು ಕಡೆಗೆ ವಾಲಿ ಅಲ್ಲಿಯೇ ಭಾರ ಬೀಳುತ್ತದೆ. ಒಂದು ಅಚ್ಚಿಗೆ ಒಂದೇ ಅಳತೆಯ, ಒಂದೇ ಬಗೆಯ, ಸರಿಸುಮಾರು ಒಂದೇ ಸವೆತದ ಜೋಡಿ ಬೇಕು. ಎತ್ತಿನ ಜೋಡಿಯನ್ನು ಆರಿಸುವವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎರಡನೆಯದು ಪ್ಲೈ. ಹಿಂದೆ ಟೈರಿನೊಳಗೆ ಹತ್ತಿಯ ನೂಲಿನ ಪದರಗಳಿದ್ದವು. ಪದರ ಹೆಚ್ಚಿದಷ್ಟೂ ಬಲ ಹೆಚ್ಚು. ಈಗ ಹತ್ತಿಯ ಸ್ಥಾನಕ್ಕೆ ನೈಲಾನ್ ಮತ್ತು ಉಕ್ಕು ಬಂದಿವೆ. ಕಡಿಮೆ ಪದರದಲ್ಲಿಯೇ ಹಳೆಯ ಬಲ ಸಿಗುತ್ತದೆ. ಆದ್ದರಿಂದ 16 ಪಿ.ಆರ್. ಎಂದರೆ ಹದಿನಾರು ಪದರಗಳಿವೆ ಎಂದಲ್ಲ, ಹಳೆಯ ಹದಿನಾರು ಪದರಗಳಷ್ಟು ಬಲವಿದೆ ಎಂದು ತಿಳಿಯಬೇಕು. ಅಳತೆ ಒಂದೇ ಆಗಿ ಪ್ಲೈ ಕಡಿಮೆಯಿದ್ದರೆ ಬೆಲೆಯೂ ಕಡಿಮೆ. ಅನೇಕರು ಎಡವುವುದು ಇಲ್ಲಿಯೇ.

ಮೂರನೆಯದು ಭಾರದ ಸಂಖ್ಯೆ. 131 ಎ8 ಎಂದಿದ್ದರೆ 131 ಭಾರವನ್ನೂ ಎ8 ವೇಗವನ್ನೂ ಸೂಚಿಸುತ್ತವೆ. ಕೋಷ್ಟಕದ ಪ್ರಕಾರ 121 ಎಂದರೆ 1450 ಕಿಲೋ, 131 ಎಂದರೆ 1950 ಕಿಲೋ, 140 ಎಂದರೆ 2500 ಕಿಲೋ. ಎ8 ಎಂದರೆ ಗಂಟೆಗೆ 40 ಕಿಲೋಮೀಟರು. ಇದು ಒಂದು ಟೈರು ಹೊರುವ ಭಾರ. ನಮ್ಮ ಲೆಕ್ಕವನ್ನೇ ಹೇಳುತ್ತೇನೆ. ಬರಿದಾದ ಟ್ರೇಲರು ಒಂದೂವರೆ ಟನ್, ಕಡಲೆ ಐದು ಟನ್ ಎಂದು ಹಿಡಿದರೆ ಒಟ್ಟು 6500 ಕಿಲೋ. ನಾಲ್ಕು ಗಾಲಿಗೆ ಹಂಚಿದರೆ ಒಂದಕ್ಕೆ 1625. ಆದರೆ ಚೀಲಗಳು ಸಮನಾಗಿ ಕೂರುವುದಿಲ್ಲ, ಹೊಲದ ದಾರಿಯೂ ಸಮವಾಗಿರುವುದಿಲ್ಲ. ಐದನೆಯ ಒಂದು ಪಾಲು ಕೂಡಿಸಿದರೆ 1950 ಆಯಿತು. ಅಂದಮೇಲೆ 131ಕ್ಕಿಂತ ಕೆಳಗಿನ ಟೈರು ನಮ್ಮ ಸುಗ್ಗಿಗೆ ಸಲ್ಲದು. ಜಾತ್ರೆಯ ದಿನ ನಮ್ಮ ಟ್ರೇಲರಿನಲ್ಲಿ ಇದರ ಅರ್ಧದಷ್ಟು ಭಾರವೂ ಇರಲಿಲ್ಲ. ಟೈರು ಒಡೆದದ್ದು ಭಾರದಿಂದಲ್ಲ, ಮುಪ್ಪಿನಿಂದ ಮತ್ತು ಬಿಸಿಯಿಂದ.

ನಾಲ್ಕನೆಯದು ಆ ನಾಲ್ಕು ಅಂಕೆಗಳು. ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿನ ಒಂದು ಮಗ್ಗುಲಲ್ಲಿ ಮಾತ್ರ ಇರುವುದುಂಟು. ತಿರುವಿ ಎರಡೂ ಕಡೆ ನೋಡಬೇಕು. ಐದಾರು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷ ತುಂಬಿದುದನ್ನು ನೋಟ ಚೆನ್ನಾಗಿದ್ದರೂ ತೆಗೆಯಬೇಕು ಎಂಬುದು ಹಲವು ತಯಾರಕರ ಸಲಹೆ. ಅಂಕೆಗಳನ್ನು ಉಜ್ಜಿ ಅಳಿಸಿದ ಟೈರನ್ನು ಪುಕ್ಕಟೆ ಕೊಟ್ಟರೂ ತರಬಾರದು.

ಹಾಗಾದರೆ ಬಡವನಾದವನು ಯಾವುದನ್ನು ಕೊಳ್ಳಬೇಕು? ದಾರಿಗಳು ಮೂರು: ಹೊಸದು, ರಿಸೋಲ್ ಮಾಡಿಸಿದ್ದು, ಬಳಸಿದ್ದು. ತೂಗಿ ನೋಡುವ ಕ್ರಮವನ್ನು ತೋರಿಸುವುದಕ್ಕಾಗಿ ಮಾತ್ರ ಒಂದು ಲೆಕ್ಕ ಹಾಕುತ್ತೇನೆ. ಹೊಸ ಟೈರಿನ ಬೆಲೆ 100 ಪಾಲು, ಬಾಳಿಕೆ ಆರು ವರ್ಷವೆನ್ನೋಣ. ವರ್ಷಕ್ಕೆ ಸುಮಾರು 17 ಬಿತ್ತು. ಬಳಸಿದ್ದಕ್ಕೆ 40 ಕೊಟ್ಟು ಎರಡು ವರ್ಷ ಬಂದರೆ ವರ್ಷಕ್ಕೆ 20 ಬಿತ್ತು. ಅಗ್ಗದ್ದೇ ತುಟ್ಟಿಯಾಯಿತು! ಇದರಲ್ಲಿ ಮುರಿದ ಕೈಯ ಲೆಕ್ಕವಿಲ್ಲ. ನಮ್ಮದೇ ಟೈರನ್ನು 45 ಪಾಲು ಖರ್ಚಿನಲ್ಲಿ ರಿಸೋಲ್ ಮಾಡಿಸಿ ಮೂರು ವರ್ಷ ನಡೆಸಿದರೆ ವರ್ಷಕ್ಕೆ 15. ರಿಸೋಲ್ ಎಂದರೆ ಸವೆದ ಮೇಲ್ಮೈಯನ್ನು ಉಜ್ಜಿ ತೆಗೆದು, ಹೊಸ ರಬ್ಬರಿನ ಪಟ್ಟಿಯನ್ನು ಕಾವು ಕೊಟ್ಟು ಕೂಡಿಸುವುದು. ಕೆಟ್ಟ ಕೆಲಸವೇನಲ್ಲ, ಆದರೆ ಒಳಮೈ ಗಟ್ಟಿಯಿರಬೇಕು, ವಯಸ್ಸು ಕಡಿಮೆಯಿರಬೇಕು, ಬಿರುಕು, ಉಬ್ಬು, ಒಳಗಿನ ದಾರ ಹರಿದ ಗುರುತು ಇರಬಾರದು. ಚರಿತ್ರೆ ತಿಳಿದಿರುವ ನಮ್ಮ ಟೈರಿಗೆ ಮಾತ್ರ ನಾನು ರಿಸೋಲ್ ಒಪ್ಪುತ್ತೇನೆ. ಅನಾಮಧೇಯ ಟೈರಿಗೆ ಒಪ್ಪುವುದಿಲ್ಲ. ಹೊಸದನ್ನೇ ಕೊಳ್ಳುವವರಿಗೆ ಒಂದು ಸಮಾಧಾನವೆಂದರೆ 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ನಾಲ್ಕನ್ನೂ ಒಮ್ಮೆಗೇ ಕೊಳ್ಳುವ ಶಕ್ತಿಯಿಲ್ಲದಿದ್ದರೆ ಈ ವರ್ಷ ಒಂದು ಅಚ್ಚಿಗೆ, ಬರುವ ವರ್ಷ ಇನ್ನೊಂದಕ್ಕೆ ಎಂದು ಕೊಳ್ಳಬಹುದು. ಬಿಲ್ಲನ್ನು ಕೇಳಿ ಪಡೆಯಬೇಕು. ಹೊಸ ಟೈರಿಗೆ ಹಳೆಯ ಟ್ಯೂಬು ಹಾಕುವ ಉಳಿತಾಯವನ್ನು ಮಾಡಬಾರದು.

ಕೊಂಡ ಮೇಲೆ ಕಾಯುವ ಕೆಲಸ. ಗಾಳಿ ಕಡಿಮೆಯಿರುವ ಟೈರು ಉರುಳುವಾಗ ಪಕ್ಕದ ಮೈ ಹೆಚ್ಚು ಹೆಚ್ಚಾಗಿ ಬಾಗುತ್ತದೆ, ಬಾಗಿದಷ್ಟೂ ಒಳಗೆ ಬಿಸಿ ಏಳುತ್ತದೆ, ಬಿಸಿಗೆ ಪದರಗಳು ಬಿಡುತ್ತವೆ. ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ, ಮೀಟರು ಹಿಡಿದು ಗಾಳಿ ನೋಡಬೇಕು. ಕಾಲಿನಿಂದ ಒದ್ದು ನೋಡಿದರೆ ತಿಳಿಯದು. ಸುಗ್ಗಿ ಮುಗಿದ ಮೇಲೆ ಅಚ್ಚಿನ ಕೆಳಗೆ ಕಲ್ಲು ಕೊಟ್ಟು ಗಾಲಿಯ ಮೇಲಿನ ಭಾರ ಇಳಿಸಿ, ಟೈರುಗಳಿಗೆ ಗೋಣಿತಟ್ಟು ಹೊದಿಸಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ.

ಕೊನೆಯದಾಗಿ ಒಂದು ಮಾತು. ಸರಕಿನ ಟ್ರೇಲರಿನಲ್ಲಿ ಜನರನ್ನು ಒಯ್ಯುವುದಕ್ಕೆ ಕಾಯಿದೆಯ ಸಮ್ಮತಿಯಿಲ್ಲ. ಅನಾಹುತವಾದರೆ ವಿಮೆಯ ಹಣ ದೊರೆಯುವುದೂ ಕಷ್ಟ. ಟೈರು ಎಷ್ಟೇ ಒಳ್ಳೆಯದಿರಲಿ, ಕುಳಿತವರಿಗೆ ಅಲ್ಲಿ ಹಿಡಿಯಲು ಆಧಾರವಿಲ್ಲ. ಇದು ಜಾತ್ರೆಯ ಮಾತು ಮಾತ್ರವಲ್ಲ. ಕೂಲಿಗೆ ಹೋಗುವ ಹೆಣ್ಣುಮಕ್ಕಳು ದಿನಾಲು ಹೀಗೆಯೇ ಹೋಗಿ ಬರುವುದನ್ನು ನಾವೆಲ್ಲ ಕಾಣುತ್ತೇವೆ.

2025ರ ಜಾತ್ರೆಗೆ ನಮ್ಮ ಮನೆಯವರು ತಳಕಲ್ಲಿನಲ್ಲಿ ರೈಲು ಹತ್ತಿ ಮುನಿರಾಬಾದಿನಲ್ಲಿ ಇಳಿದರು. ಹುಲಿಗಿ ಅಲ್ಲಿಗೆ ಸಮೀಪ. ಒಲೆ, ಪಾತ್ರೆ, ಗುಡಾರಗಳು ಮಾತ್ರ ಟ್ರೇಲರಿನಲ್ಲಿ ಬಂದವು. ಹಿಂದಿನ ಅಚ್ಚಿಗೆ ಹೊಸ ಜೋಡಿಯಿತ್ತು. ಅದನ್ನು ಕೊಳ್ಳುವಾಗ ಅಪ್ಪ ಅಂಗಡಿಯಲ್ಲಿ ಬಗ್ಗಿ, ಒರೆಸಿ, ಆ ನಾಲ್ಕು ಅಂಕೆಗಳನ್ನು ತಾವೇ ಓದಿ ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು. ಚಿಗವ್ವನ ಕೈ ಕೂಡಿದೆ. ಆದರೆ ತುಂಬಿದ ಕೊಡವನ್ನು ಬಲಗೈಯಿಂದ ಎತ್ತಲು ಅವರಿಗೆ ಇನ್ನೂ ಆಗುವುದಿಲ್ಲ. ನಾನು ಉಳಿಸಿದ ಹಣವೆಷ್ಟೆಂದು ಅವರು ಇದುವರೆಗೆ ಒಮ್ಮೆಯೂ ಕೇಳಿಲ್ಲ. ಸಹಪಾಠಿ ಮಿತ್ರರು ರಜೆಯಲ್ಲಿ ಊರಿಗೆ ಹೋದಾಗ ಹಿತ್ತಲಿನಲ್ಲಿ ನಿಂತ ಟ್ರೇಲರಿನ ಬಳಿ ಒಂದು ಗಳಿಗೆ ಕುಳಿತು ಅದರ ಶಾಸನವನ್ನು ಓದಲಿ ಎಂಬುದೇ ನನ್ನ ವಿನಂತಿ.