ರಜಾ ಅವಧಿಯ ಕ್ರೀಡಾ ತರಬೇತಿಯಲ್ಲಿ ಪ್ರೌಢಶಾಲಾ ದೈಹಿಕ ಶಿಕ್ಷಣ ಶಿಕ್ಷಕರ ಪಾತ್ರ: ಪೋಷಕರಿಗೆ ಮಾಹಿತಿ

ಪೀಠಿಕೆ

ರಾಜ್ಯದಲ್ಲಿ ಪ್ರೌಢಶಾಲಾ ಕ್ರೀಡಾಕೂಟಗಳು ಸಾಮಾನ್ಯವಾಗಿ ಶೈಕ್ಷಣಿಕ ವರ್ಷದ ಮೊದಲ ಭಾಗದಲ್ಲಿ ಆರಂಭವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ ಹಾಗೂ ರಾಜ್ಯ ಮಟ್ಟದವರೆಗೆ ಹಂತ ಹಂತವಾಗಿ ನಡೆಯುತ್ತವೆ. ರಾಜ್ಯ ತಂಡಕ್ಕೆ ಆಯ್ಕೆಯಾದವರು ಭಾರತೀಯ ಶಾಲಾ ಕ್ರೀಡಾ ಒಕ್ಕೂಟವು 14, 17 ಮತ್ತು 19 ವರ್ಷದೊಳಗಿನವರಿಗಾಗಿ ಏರ್ಪಡಿಸುವ ರಾಷ್ಟ್ರೀಯ ಶಾಲಾ ಕ್ರೀಡಾಕೂಟಗಳಲ್ಲಿ ಭಾಗವಹಿಸುತ್ತಾರೆ. ಕೂಟಗಳು ಮುಗಿದ ನಂತರದ ತಿಂಗಳುಗಳು, ವಿಶೇಷವಾಗಿ ಏಪ್ರಿಲ್ ಮತ್ತು ಮೇ ತಿಂಗಳ ಬೇಸಿಗೆ ರಜೆ, ಮುಂದಿನ ವರ್ಷದ ಸಿದ್ಧತೆಯ ಕಾಲವಾಗಿರುತ್ತದೆ. ಈ ಅವಧಿಯಲ್ಲಿ ಶಾಲೆಗಳು, ಸರ್ಕಾರಿ ಇಲಾಖೆಗಳು, ಕ್ರೀಡಾ ಸಂಸ್ಥೆಗಳು ಹಾಗೂ ಖಾಸಗಿ ಅಕಾಡೆಮಿಗಳು ತರಬೇತಿ ಶಿಬಿರಗಳನ್ನು ನಡೆಸುತ್ತವೆ. ಇವುಗಳಲ್ಲಿ ಮಕ್ಕಳ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರೇ ತರಬೇತಿ ನೀಡುವುದೂ ಉಂಟು.

ರಜೆಯಲ್ಲಿ ಶಿಕ್ಷಕರು ತರಬೇತಿ ನೀಡಬಹುದೇ, ಅದಕ್ಕೆ ಹಣ ಪಡೆಯಬಹುದೇ, ಶಿಬಿರಕ್ಕೆ ಬಾರದ ಮಗುವನ್ನು ತಂಡದಿಂದ ಕೈಬಿಡಬಹುದೇ ಎಂಬ ಪ್ರಶ್ನೆಗಳು ಪೋಷಕರಲ್ಲಿ ಸಹಜವಾಗಿ ಮೂಡುತ್ತವೆ. ಇವುಗಳಿಗೆ ಉತ್ತರವು ಒಂದೇ ಕಾಯ್ದೆಯಲ್ಲಿ ದೊರೆಯುವುದಿಲ್ಲ. ಸೇವಾ ನಿಯಮಗಳು, ಶಿಕ್ಷಣ ಹಕ್ಕು ಕಾಯ್ದೆ, ಭ್ರಷ್ಟಾಚಾರ ತಡೆ ಕಾಯ್ದೆ ಹಾಗೂ ಮಕ್ಕಳ ರಕ್ಷಣಾ ಕಾಯ್ದೆಗಳಲ್ಲಿ ಅದು ಹಂಚಿಹೋಗಿದೆ. ಅವುಗಳನ್ನು ಒಂದೆಡೆ ಸೇರಿಸಿ ಸಾರ್ವಜನಿಕರಿಗೆ ತಿಳಿಯಪಡಿಸುವುದು ಈ ಲೇಖನದ ಉದ್ದೇಶವಾಗಿದೆ.

1. ಶಿಕ್ಷಕರು ಮತ್ತು ತರಬೇತುದಾರರು

ದೈಹಿಕ ಶಿಕ್ಷಣ ಶಿಕ್ಷಕರು ಶಾಲೆಯ ಬೋಧಕ ವರ್ಗಕ್ಕೆ ಸೇರಿದವರು. ಬಿ.ಪಿ.ಎಡ್. ಅಥವಾ ತತ್ಸಮಾನ ವಿದ್ಯಾರ್ಹತೆಯ ಆಧಾರದ ಮೇಲೆ ನೇಮಕಗೊಂಡು, ಮುಖ್ಯೋಪಾಧ್ಯಾಯರ ಅಧೀನದಲ್ಲಿ ಕಾರ್ಯನಿರ್ವಹಿಸುತ್ತಾರೆ. ತರಬೇತುದಾರರು ಒಂದು ನಿರ್ದಿಷ್ಟ ಕ್ರೀಡೆಯಲ್ಲಿ ಪರಿಣತಿ ಪಡೆದವರು. 1961ರಲ್ಲಿ ಪಟಿಯಾಲದಲ್ಲಿ ಸ್ಥಾಪನೆಯಾದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಈ ಕ್ಷೇತ್ರದಲ್ಲಿ ಮಾನ್ಯತೆ ಪಡೆದ ಪ್ರಮುಖ ಅರ್ಹತೆಯಾಗಿದೆ. ಶಿಬಿರಕ್ಕೆ ಮಗುವನ್ನು ಸೇರಿಸುವ ಮೊದಲು ತರಬೇತಿ ನೀಡುವವರ ಅರ್ಹತೆಯನ್ನು ವಿಚಾರಿಸುವುದು ಪೋಷಕರ ಹಕ್ಕಾಗಿದ್ದು, ಇದರಿಂದ ಶಿಕ್ಷಕರಿಗೆ ಅಗೌರವ ತೋರಿದಂತಾಗುವುದಿಲ್ಲ.

2. ಶಿಕ್ಷಕರು ಯಾವ ಹೈಸಿಯತ್ತಿನಲ್ಲಿ ಮೈದಾನದಲ್ಲಿದ್ದಾರೆ?

ಪೋಷಕರು ಮೊದಲು ತಿಳಿದುಕೊಳ್ಳಬೇಕಾದ ಸಂಗತಿ ಇದೇ ಆಗಿದೆ. ಒಬ್ಬರೇ ಶಿಕ್ಷಕರು, ಅದೇ ಮೈದಾನದಲ್ಲಿ, ಅದೇ ಮಕ್ಕಳಿಗೆ ತರಬೇತಿ ನೀಡುತ್ತಿದ್ದರೂ ಅವರ ಹೈಸಿಯತ್ತು ಬದಲಾದಲ್ಲಿ ನಿಯಮವೂ ಬದಲಾಗುತ್ತದೆ. ಇದನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

(ಅ) ಆದೇಶದ ಮೇರೆಗೆ ಕರ್ತವ್ಯ: ಸರ್ಕಾರಿ ಶಾಲಾ ಶಿಕ್ಷಕರು ದೀರ್ಘ ರಜೆಯ ಸೌಲಭ್ಯವುಳ್ಳ ಇಲಾಖೆಗೆ ಸೇರಿದವರು. ಸಕ್ಷಮ ಪ್ರಾಧಿಕಾರದ ಆದೇಶದಂತೆ ಅವರು ರಜೆಯಲ್ಲಿ ಕರ್ತವ್ಯ ನಿರ್ವಹಿಸಿದಲ್ಲಿ, ಸೇವಾ ನಿಯಮಗಳನ್ವಯ ಅದಕ್ಕೆ ಅನುಗುಣವಾಗಿ ಗಳಿಕೆ ರಜೆ ಪಡೆಯಲು ಅರ್ಹರಾಗುತ್ತಾರೆ. ಇಂತಹ ಶಿಬಿರಕ್ಕೆ ಲಿಖಿತ ಆದೇಶವಿರುತ್ತದೆ, ಹಾಜರಾತಿ ಇರುತ್ತದೆ, ಹೊಣೆಗಾರ ಅಧಿಕಾರಿಯೂ ಇರುತ್ತಾರೆ. ತರಬೇತಿಗಾಗಿ ಶಿಕ್ಷಕರು ಮಕ್ಕಳಿಂದ ವೈಯಕ್ತಿಕವಾಗಿ ಹಣ ಪಡೆಯಲು ಅವಕಾಶವಿರುವುದಿಲ್ಲ.

(ಆ) ಸ್ವ ಇಚ್ಛೆಯ, ಸಂಭಾವನೆರಹಿತ ಸೇವೆ: ಗ್ರಾಮೀಣ ಪ್ರದೇಶಗಳಲ್ಲಿ ಅನೇಕ ಶಿಕ್ಷಕರು ರಜೆಯಲ್ಲಿಯೂ ಬೆಳಗಿನ ವೇಳೆ ಮಕ್ಕಳನ್ನು ಮೈದಾನಕ್ಕೆ ಕರೆತಂದು ಉಚಿತವಾಗಿ ಅಭ್ಯಾಸ ಮಾಡಿಸುತ್ತಾರೆ. ಕರ್ತವ್ಯಕ್ಕೆ ಅಡ್ಡಿಯಾಗದ ಗೌರವ ಸೇವೆಯನ್ನು ನಡತೆ ನಿಯಮಗಳು ಅಪರಾಧವೆಂದು ಪರಿಗಣಿಸುವುದಿಲ್ಲ. ಆದಾಗ್ಯೂ, ಶಾಲಾ ಮೈದಾನ ಹಾಗೂ ಸಾಮಗ್ರಿಗಳ ಬಳಕೆಗೆ ಮುಖ್ಯೋಪಾಧ್ಯಾಯರ ಲಿಖಿತ ಅನುಮತಿ ಪಡೆದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಗಮನಕ್ಕೆ ತರುವುದು ಸೂಕ್ತ. ಮಗುವಿಗೆ ಪೆಟ್ಟಾದಾಗ ಹೊಣೆ ಯಾರದೆಂಬ ಪ್ರಶ್ನೆ ಉದ್ಭವಿಸಿದಲ್ಲಿ ಈ ಅನುಮತಿ ಪತ್ರವೇ ಶಿಕ್ಷಕರಿಗೂ ಪೋಷಕರಿಗೂ ಆಧಾರವಾಗುತ್ತದೆ.

(ಇ) ಹಣ ಪಡೆದು ನೀಡುವ ತರಬೇತಿ: ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021ರಂತೆ ಸರ್ಕಾರಿ ನೌಕರರು ಪೂರ್ವಾನುಮತಿಯಿಲ್ಲದೆ ಯಾವುದೇ ವ್ಯಾಪಾರ ಅಥವಾ ಅನ್ಯ ಉದ್ಯೋಗದಲ್ಲಿ ತೊಡಗುವಂತಿಲ್ಲ. ರಜೆಯಲ್ಲಿದ್ದಾಗಲೂ ನೌಕರರು ನೌಕರರೇ ಆಗಿರುತ್ತಾರೆ. ಆದುದರಿಂದ ಖಾಸಗಿ ಅಕಾಡೆಮಿಯಲ್ಲಿ ಸಂಬಳಕ್ಕೆ ದುಡಿಯುವುದಾಗಲಿ, ತಾವೇ ಶುಲ್ಕ ವಸೂಲು ಮಾಡಿ ಶಿಬಿರ ನಡೆಸುವುದಾಗಲಿ ಅನುಮತಿಯಿಲ್ಲದೆ ಸಲ್ಲದು. ಇದಲ್ಲದೆ, ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಕಲಂ 28ರಂತೆ ಶಿಕ್ಷಕರು ಖಾಸಗಿ ಪಾಠ ಅಥವಾ ಖಾಸಗಿ ಬೋಧನಾ ಚಟುವಟಿಕೆಯಲ್ಲಿ ತೊಡಗುವಂತಿಲ್ಲ. ಈ ಕಾಯ್ದೆಯು 8ನೇ ತರಗತಿಯವರೆಗಿನ ಶಿಕ್ಷಣಕ್ಕೆ ಅನ್ವಯಿಸುತ್ತದೆ. ನಮ್ಮ ಪ್ರೌಢಶಾಲೆಗಳು 8ನೇ ತರಗತಿಯಿಂದಲೇ ಆರಂಭವಾಗುವುದನ್ನು ಇಲ್ಲಿ ಗಮನಿಸಬೇಕು.

ಶಾಲಾ ಸಿಬ್ಬಂದಿಯಲ್ಲದ ಖಾಸಗಿ ತರಬೇತುದಾರರಿಗೆ ಮೇಲ್ಕಂಡ ಸೇವಾ ನಿಯಮಗಳು ಅನ್ವಯಿಸುವುದಿಲ್ಲ. ಅವರೊಂದಿಗಿನ ವ್ಯವಹಾರವು ಪೋಷಕರ ಸ್ವಂತ ಒಪ್ಪಂದವಾಗಿರುತ್ತದೆ. ಶುಲ್ಕ, ಅವಧಿ ಹಾಗೂ ಹಣ ವಾಪಸಾತಿಯ ಷರತ್ತುಗಳನ್ನು ಬರಹದಲ್ಲಿ ಪಡೆದು, ಪಾವತಿಸಿದ ಪ್ರತಿಯೊಂದು ಮೊತ್ತಕ್ಕೂ ರಸೀದಿ ಪಡೆಯತಕ್ಕದ್ದು. ಖಾಸಗಿ ಶಾಲೆಗಳ ಶಿಕ್ಷಕರ ವಿಷಯದಲ್ಲಿ ಆಡಳಿತ ಮಂಡಳಿಯ ಅನುಮತಿ ಇದೆಯೇ ಎಂಬುದನ್ನು ಶಾಲಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬಹುದು.

3. ರಜಾ ತರಬೇತಿ ಹಾಗೂ ತಂಡದ ಆಯ್ಕೆ

ರಜೆಯು ಮಗುವಿನದು. ಹೊಲದ ಕೆಲಸಕ್ಕೆ ನೆರವಾಗುವ, ಅಜ್ಜಿಯ ಊರಿಗೆ ಹೋಗುವ, ಕೇವಲ ವಿಶ್ರಾಂತಿ ಪಡೆಯುವ ಮಗುವೂ ಜೂನ್ ತಿಂಗಳಲ್ಲಿ ಶಾಲಾ ತಂಡದ ಆಯ್ಕೆಗೆ ಎಲ್ಲರಂತೆ ಅರ್ಹವಾಗಿರುತ್ತದೆ. ಅಭ್ಯಾಸ ಮಾಡಿದವರು ಆಯ್ಕೆಯ ದಿನ ಉತ್ತಮ ಪ್ರದರ್ಶನ ನೀಡುವುದು ಬೇರೆ ಮಾತು. ಆದರೆ ಹಣ ಕಟ್ಟಿ ಶಿಬಿರಕ್ಕೆ ಬಂದವರಿಗೆ ಮಾತ್ರ ತಂಡದಲ್ಲಿ ಸ್ಥಾನ ಎಂಬುದಕ್ಕೆ ಯಾವುದೇ ನಿಯಮದ ಬೆಂಬಲವಿಲ್ಲ.

ಉದಾಹರಣೆಗೆ, 9ನೇ ತರಗತಿಯ ಖೋ-ಖೋ ಆಟಗಾರ್ತಿಯೊಬ್ಬಳ ತಂದೆಗೆ, ಬೇಸಿಗೆ ಶಿಬಿರದ ಶುಲ್ಕ ನೀಡದಿದ್ದಲ್ಲಿ ಮಗಳ ಹೆಸರನ್ನು ತಾಲ್ಲೂಕು ಕೂಟಕ್ಕೆ ಕಳುಹಿಸುವುದಿಲ್ಲವೆಂದು ಸರ್ಕಾರಿ ಶಾಲಾ ಶಿಕ್ಷಕರೊಬ್ಬರು ತಿಳಿಸಿದರೆಂದು ಭಾವಿಸೋಣ. ಇಲ್ಲಿ ಕೇಳಿರುವ ಹಣವು ಶುಲ್ಕವೆನಿಸುವುದಿಲ್ಲ. ಸಾರ್ವಜನಿಕ ನೌಕರರು ತಮ್ಮ ಕರ್ತವ್ಯ ನಿರ್ವಹಿಸಲು ಪ್ರತಿಫಲ ಕೇಳುವುದು ಭ್ರಷ್ಟಾಚಾರ ತಡೆ ಕಾಯ್ದೆ, 1988ರ ವ್ಯಾಪ್ತಿಗೆ ಬರುತ್ತದೆ. 2018ರ ತಿದ್ದುಪಡಿಯ ನಂತರ ಲಂಚ ನೀಡುವವರೂ ಶಿಕ್ಷಾರ್ಹರಾಗಿರುತ್ತಾರೆ. ಒತ್ತಾಯಕ್ಕೆ ಒಳಗಾಗಿ ಹಣ ನೀಡಿದವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದಲ್ಲಿ ಅವರಿಗೆ ರಕ್ಷಣೆ ದೊರೆಯುತ್ತದೆ. ರಾಜ್ಯದಲ್ಲಿ ಇಂತಹ ದೂರನ್ನು ಲೋಕಾಯುಕ್ತ ಪೊಲೀಸರಿಗೆ ಸಲ್ಲಿಸಬಹುದು. ಹಣ ಕೊಟ್ಟು ಸುಮ್ಮನಿರುವುದು ಪೋಷಕರ ಹಿತಕ್ಕೂ ಒಳ್ಳೆಯದಲ್ಲವೆಂಬುದನ್ನು ಗಮನಿಸತಕ್ಕದ್ದು.

ರಜಾ ಶಿಬಿರಗಳಲ್ಲಿ ಪ್ರತಿಭಾವಂತ ಮಕ್ಕಳನ್ನು ಬೇರೆ ಶಾಲೆಗೆ ಸೇರುವಂತೆ ಪ್ರೇರೇಪಿಸುವುದೂ ಉಂಟು. ವರ್ಗಾವಣೆ ಪತ್ರಕ್ಕೆ ಅರ್ಜಿ ಸಲ್ಲಿಸುವ ತೀರ್ಮಾನ ಪೋಷಕರದ್ದೇ ಹೊರತು ತರಬೇತುದಾರರದ್ದಲ್ಲ. ಉಚಿತ ವಸತಿ, ಶುಲ್ಕ ವಿನಾಯಿತಿ ಮುಂತಾದ ಭರವಸೆಗಳನ್ನು ಹೊಸ ಶಾಲೆಯ ಮುಖ್ಯಸ್ಥರಿಂದ ಲಿಖಿತವಾಗಿ ಪಡೆದ ನಂತರವೇ ಮುಂದುವರಿಯುವುದು ಒಳಿತು.

4. ಮಕ್ಕಳ ರಕ್ಷಣೆ

ಮಕ್ಕಳ ರಕ್ಷಣೆಯ ಕಾನೂನುಗಳಿಗೆ ರಜೆ ಇರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 17 ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ. ಬಾಲನ್ಯಾಯ ಕಾಯ್ದೆ, 2015ರ ಕಲಂ 75ರನ್ವಯ, ಮಗುವಿನ ಪಾಲನೆ ಅಥವಾ ನಿಯಂತ್ರಣದ ಹೊಣೆ ಹೊತ್ತವರು ಅದರ ಮೇಲೆ ಕ್ರೌರ್ಯವೆಸಗುವುದು ಶಿಕ್ಷಾರ್ಹ ಅಪರಾಧವಾಗಿದೆ. ತಡವಾಗಿ ಬಂದ ಮಗುವಿಗೆ ಹೊಡೆಯುವುದು, ನೀರು ಕೊಡದೆ ಓಡಿಸುವುದು, ದೇಹವನ್ನು ಕುರಿತು ಹೀಯಾಳಿಸುವುದು ಇವು ಶಿಸ್ತಿನ ಹೆಸರಿನಲ್ಲಿ ಸಮರ್ಥನೀಯವಲ್ಲ.

ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆ, 2012 (ಪೋಕ್ಸೊ) 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ವಿಶ್ವಾಸ ಅಥವಾ ಅಧಿಕಾರದ ಸ್ಥಾನದಲ್ಲಿರುವವರು ಎಸಗುವ ದೌರ್ಜನ್ಯವನ್ನು, ಅದು ಶಾಲಾ ಆವರಣದ ಹೊರಗೆ ನಡೆದಿದ್ದರೂ, ಈ ಕಾಯ್ದೆ ಹೆಚ್ಚು ಗಂಭೀರವೆಂದು ಪರಿಗಣಿಸುತ್ತದೆ. ಅಪರಾಧ ನಡೆದಿರುವುದು ತಿಳಿದವರು ಕಲಂ 19ರಂತೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ವರದಿ ಮಾಡದಿರುವುದು ಕಲಂ 21ರಂತೆ ಶಿಕ್ಷಾರ್ಹ. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟಲ್ಲಿ ಒಂದು ವರ್ಷದವರೆಗೆ ಕಾರಾಗೃಹ ವಾಸ ಹಾಗೂ ದಂಡ ವಿಧಿಸಬಹುದಾಗಿದೆ. ಸದ್ಭಾವನೆಯಿಂದ ಮಾಹಿತಿ ನೀಡಿದವರ ಮೇಲೆ ಯಾವುದೇ ಹೊಣೆಗಾರಿಕೆ ಬರುವುದಿಲ್ಲ.

ಹೆಣ್ಣು ಮಕ್ಕಳು ಪಾಲ್ಗೊಳ್ಳುವ ಶಿಬಿರದಲ್ಲಿ ಮಹಿಳಾ ಸಿಬ್ಬಂದಿ ಇರುವರೇ, ಬಟ್ಟೆ ಬದಲಾಯಿಸಲು ಪ್ರತ್ಯೇಕ ಕೊಠಡಿ ಇದೆಯೇ, ಹೊರ ಊರಿಗೆ ಹೋದಾಗ ವಸತಿ ಎಲ್ಲಿ, ಜೊತೆಯಲ್ಲಿ ಯಾರು ಎಂಬುದನ್ನು ಪೋಷಕರು ಮುಂಚಿತವಾಗಿ ಕೇಳಿ ತಿಳಿಯಬೇಕು. ಅಭ್ಯಾಸದ ವೇಳೆ ಮೈದಾನಕ್ಕೆ ಬಂದು ನೋಡಲು ಪೋಷಕರಿಗೆ ಅವಕಾಶ ನಿರಾಕರಿಸುವ ಶಿಬಿರಕ್ಕೆ ಮಗುವನ್ನು ಕಳುಹಿಸುವ ಮೊದಲು ಮತ್ತೊಮ್ಮೆ ಆಲೋಚಿಸುವುದು ಉತ್ತಮ.

5. ಬಿಸಿಲು ಹಾಗೂ ಔಷಧಿಗಳ ಬಗ್ಗೆ ಎಚ್ಚರಿಕೆ

ಬೇಸಿಗೆ ಶಿಬಿರಗಳು ವರ್ಷದ ಅತಿ ಹೆಚ್ಚು ಉಷ್ಣಾಂಶದ ದಿನಗಳಲ್ಲಿ ನಡೆಯುತ್ತವೆ. ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಆದುದರಿಂದ ಅಭ್ಯಾಸವನ್ನು ಮುಂಜಾನೆ ಹಾಗೂ ಸಂಜೆ ಮಾತ್ರ ನಡೆಸುವುದು, ಆಗಾಗ್ಗೆ ನೀರು ಕುಡಿಸುವುದು, ನೆರಳಿನಲ್ಲಿ ವಿರಾಮ ನೀಡುವುದು ಅವಶ್ಯಕ. ಮಗುವಿಗೆ ತಲೆಸುತ್ತು, ವಾಂತಿ ಅಥವಾ ಮಾತಿನಲ್ಲಿ ತೊದಲುವಿಕೆ ಕಂಡುಬಂದಲ್ಲಿ ಕೂಡಲೇ ಅಭ್ಯಾಸ ನಿಲ್ಲಿಸಿ, ನೆರಳಿಗೆ ಕರೆತಂದು, ಮೈಯನ್ನು ನೀರಿನಿಂದ ತಂಪುಗೊಳಿಸಿ 108 ಸಂಖ್ಯೆಗೆ ಕರೆ ಮಾಡತಕ್ಕದ್ದು.

ಶಕ್ತಿವರ್ಧಕವೆಂದು ನೀಡುವ ಮಾತ್ರೆ, ಪುಡಿ ಅಥವಾ ಚುಚ್ಚುಮದ್ದುಗಳನ್ನು ವೈದ್ಯರ ಸಲಹೆಯಿಲ್ಲದೆ ಸ್ವೀಕರಿಸಬಾರದು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ (ನಾಡಾ) ನಿಯಮಗಳಂತೆ, ದೇಹದಲ್ಲಿ ನಿಷೇಧಿತ ವಸ್ತು ಪತ್ತೆಯಾದಲ್ಲಿ ಹೊಣೆ ಮೊದಲಿಗೆ ಕ್ರೀಡಾಪಟುವಿನದ್ದೇ ಆಗಿರುತ್ತದೆ. "ಸರ್ ಕೊಟ್ಟರು" ಎಂಬ ಉತ್ತರ ಮಾತ್ರದಿಂದ ಮಗು ಹೊಣೆಯಿಂದ ಮುಕ್ತವಾಗುವುದಿಲ್ಲ. ಅಂತಹ ವಸ್ತು ನೀಡಿದ ತರಬೇತುದಾರರ ಮೇಲೂ ಕ್ರಮ ಜರುಗಿಸಲು ಅವಕಾಶವಿದೆ.

6. ಶಿಬಿರಕ್ಕೆ ಅರ್ಜಿ ಸಲ್ಲಿಸುವಾಗ

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಬೇಸಿಗೆ ಶಿಬಿರಗಳ ವಿವರಗಳನ್ನು ಆಯಾ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು. ಶಾಲಾ ಮಟ್ಟದ ಶಿಬಿರಗಳ ಬಗ್ಗೆ ಮುಖ್ಯೋಪಾಧ್ಯಾಯರನ್ನು ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ಅರ್ಜಿ ಸಲ್ಲಿಸುವವರು ಈ ಕೆಳಕಂಡ ಅಂಶಗಳನ್ನು ಪಾಲಿಸುವುದು ಸೂಕ್ತ:

- ಜನನ ಪ್ರಮಾಣಪತ್ರ ಮತ್ತು ವ್ಯಾಸಂಗ ಪ್ರಮಾಣಪತ್ರಗಳ ಪ್ರತಿಗಳನ್ನು ಮಾತ್ರ ನೀಡುವುದು. ಮೂಲ ದಾಖಲೆಗಳನ್ನು ತೋರಿಸಿ ಹಿಂಪಡೆಯುವುದು.
- ಒಪ್ಪಿಗೆ ಪತ್ರವನ್ನು ಪೂರ್ಣವಾಗಿ ಓದಿ ಸಹಿ ಮಾಡುವುದು. ಖಾಲಿ ನಮೂನೆಗೆ ಸಹಿ ಮಾಡದಿರುವುದು.
- ಮಗುವಿಗೆ ಉಬ್ಬಸ, ಮೂರ್ಛೆ, ಹೃದಯ ಸಂಬಂಧಿ ತೊಂದರೆ ಅಥವಾ ಹಳೆಯ ಪೆಟ್ಟು ಇದ್ದಲ್ಲಿ ಮರೆಮಾಚದೆ ನಮೂದಿಸುವುದು.
- ಶುಲ್ಕವಿದ್ದಲ್ಲಿ ಸಂಸ್ಥೆಯ ಹೆಸರಿಗೆ ಪಾವತಿಸಿ ರಸೀದಿ ಪಡೆಯುವುದು. ವ್ಯಕ್ತಿಯ ಸ್ವಂತ ಖಾತೆಗೆ ಪಾವತಿಸದಿರುವುದು.
- ಶಿಬಿರದಲ್ಲಿ ಭಾಗವಹಿಸಿದ ಪ್ರಮಾಣಪತ್ರವು ಸ್ಪರ್ಧೆಯ ಪ್ರಮಾಣಪತ್ರಕ್ಕೆ ಸಮವಲ್ಲವೆಂಬುದನ್ನು ತಿಳಿದಿರುವುದು.

7. ಕುಂದುಕೊರತೆ ಇದ್ದಲ್ಲಿ

ಮೊದಲಿಗೆ ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ತದನಂತರ ಜಿಲ್ಲಾ ಉಪನಿರ್ದೇಶಕರಿಗೆ ಸಲ್ಲಿಸಬಹುದು. ಶಿಬಿರಕ್ಕೆ ಆದೇಶ ಅಥವಾ ಅನುಮತಿ ಇತ್ತೇ ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ ಕೇಳಬಹುದು. ರಾಜ್ಯದ ನಿಯಮಗಳಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳ ಮಿತಿಯಲ್ಲಿರಬೇಕು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ವಿನಾಯಿತಿ ಇದೆ. 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ.

ಮಗುವಿನ ಮೇಲೆ ದೌರ್ಜನ್ಯ ನಡೆದಿದ್ದಲ್ಲಿ ಈ ಹಂತಗಳಿಗಾಗಿ ಕಾಯಬಾರದು. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸೇವೆ 112ಕ್ಕೆ ಕೂಡಲೇ ಕರೆ ಮಾಡತಕ್ಕದ್ದು.

ಮುಕ್ತಾಯ

ರಜೆಯಲ್ಲಿಯೂ ಪ್ರತಿಫಲ ಬಯಸದೆ ಮೈದಾನಕ್ಕೆ ಬರುವ ಶಿಕ್ಷಕರಿಂದಲೇ ಅನೇಕ ಹಳ್ಳಿಯ ಮಕ್ಕಳಿಗೆ ಕ್ರೀಡೆಯ ಬಾಗಿಲು ತೆರೆದಿದೆ. ಈ ನಿಯಮಗಳು ಅಂತಹವರನ್ನು ತಡೆಯಲು ಇರುವುದಿಲ್ಲ. ಅನುಮತಿ ಪತ್ರ, ಹಾಜರಾತಿ ಹಾಗೂ ರಸೀದಿಗಳು ಪ್ರಾಮಾಣಿಕ ಶಿಕ್ಷಕರನ್ನು ಅನುಮಾನದಿಂದಲೂ, ಮಗುವನ್ನು ಶೋಷಣೆಯಿಂದಲೂ ಕಾಪಾಡುತ್ತವೆ. ಆದುದರಿಂದ ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು, ಈ ಶಿಬಿರವನ್ನು ನಡೆಸುತ್ತಿರುವವರು ಯಾರು ಹಾಗೂ ಯಾರ ಅನುಮತಿಯ ಮೇರೆಗೆ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕೆಂದು ಕೋರಲಾಗಿದೆ.