ಹಕಾರದ ನೆರಳು

ಬೆಳಕಿಗೆ ಮುಖಮಾಡಿ ನಡೆಯುವವನಿಗೆ ತನ್ನ ನೆರಳು ಕಾಣಿಸದು. ಬೆನ್ನ ಹಿಂದೆ ಬರುವವರಿಗೆ ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಗುಸ್ತಾವ್ ಯೂಂಗ್ (1875–1961) ಮನಸ್ಸಿನ ಒಂದು ಭಾಗವನ್ನು ‘ನೆರಳು’ ಎಂದು ಕರೆದರು. ಆ ಹೆಸರು ಎಷ್ಟು ಉಚಿತವೆಂಬುದು ನನಗೆ ಅವರ ಗ್ರಂಥಗಳಿಗಿಂತ ಮೊದಲು ನನ್ನ ತರಗತಿಯಲ್ಲೇ ಮನವರಿಕೆಯಾಯಿತು.

ಕಳೆದ ವರ್ಷ ಪದವಿ ತರಗತಿಗೆ ಕುಮಾರವ್ಯಾಸನನ್ನು ಪಾಠ ಹೇಳುತ್ತಿದ್ದೆ. ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ಎದ್ದು ಪದ್ಯವನ್ನೋದುತ್ತ ‘ಹಗೆ’ ಎಂಬುದನ್ನು ‘ಅಗೆ’ ಎಂದ. “ಅಗೆಯುವುದಕ್ಕೆ ಗುದ್ದಲಿ ತಂದಿದ್ದೀಯೇನಪ್ಪ?” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಪುಸ್ತಕ ಮುಚ್ಚಿ ಕುಳಿತ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಆ ನಗೆಯಿಂದ ನನಗಾದ ಸಂತೋಷ ಒಂದು ಉಚ್ಚಾರಣೆಯ ತಪ್ಪಿಗೆ ತಕ್ಕಷ್ಟಿರದೆ ಬಹಳ ಮಿಗಿಲಾಗಿತ್ತು. ಅದೇಕೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಉತ್ತರಕ್ಕಾಗಿ 35 ವರ್ಷ ಹಿಂದಕ್ಕೆ ಹೋಗಬೇಕಾಯಿತು. ನಮ್ಮ ಮನೆಯಲ್ಲಿ ಹಾಲು ‘ಆಲು’, ಹಸು ‘ಅಸು’. ಪೇಟೆಯ ಶಾಲೆಗೆ ಸೇರಿದ ಮೊದಲ ವಾರವೇ ಉಪಾಧ್ಯಾಯರೊಬ್ಬರು ನನ್ನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ನೂರು ಸಲ ‘ಹ’ ಎನ್ನಿಸಿದರು. ಅಂದಿನಿಂದ ಹುಡುಗರ ಬಾಯಲ್ಲಿ ನಾನು ‘ಆಲು’ ಆದೆ. ಛಲ ತೊಟ್ಟು ನಾಲಿಗೆಯನ್ನು ತಿದ್ದಿಕೊಂಡೆ, ಎಂ.ಎ. ಮುಗಿಸಿದೆ, ಅಧ್ಯಾಪಕನಾದೆ. ಆದರೂ ಯಾರಾದರೂ ನನ್ನ ಉಪನ್ಯಾಸವನ್ನು ಮೆಚ್ಚಿದರೆ, ‘ಇವರಿಗೆ ನಿಜ ತಿಳಿದರೆ ಏನೆಂದುಕೊಂಡಾರು?’ ಎಂಬ ಅಳುಕು. ಕೀಳರಿಮೆಗೆ ಸನ್ಮಾನವೇ ಮದ್ದೆಂದು ನಂಬಿದ್ದೆ. ಕೊರಳಿನ ಹಾರ ಬಾಡುವ ಮುನ್ನವೇ ಅಳುಕು ಹಿಂದಿರುಗುತ್ತಿತ್ತು.

ಇದರ ಗುಟ್ಟನ್ನು ಯೂಂಗ್ ಬಿಡಿಸುತ್ತಾರೆ. ಸಮಾಜದೆದುರು ನಾವು ತೊಡುವ ರೂಪಕ್ಕೆ ಅವರಿಟ್ಟ ಹೆಸರು ‘ಪರ್ಸೋನಾ’. ಲ್ಯಾಟಿನ್ ಭಾಷೆಯಲ್ಲಿ ನಟನ ಮುಖವಾಡವೆಂದು ಅದರ ಅರ್ಥ. ಮುಖವಾಡಕ್ಕೆ ಒಗ್ಗದುದನ್ನೆಲ್ಲ ನಾವು ಒಳಕ್ಕೆ ತಳ್ಳುತ್ತೇವೆ. ಅದೇ ನೆರಳು. ಅಲ್ಲಿ ಕೇಡಿನ ಜೊತೆಗೆ, ನಾಚಿ ಕೈಬಿಟ್ಟ ಒಳಿತೂ ಇರುತ್ತದೆ. ತಳ್ಳಿದ್ದು ಅಳಿಯುವುದಿಲ್ಲ, ಎದುರಿನವರ ಮೇಲೆ ಬಿದ್ದು ಅವರ ದೋಷವಾಗಿ ನಮಗೆ ಕಾಣುತ್ತದೆ. ಹೊಗಳಿಕೆಯೆಲ್ಲ ಮುಖವಾಡಕ್ಕೆ ಸಂದರೆ ಒಳಗಿನವನಿಗೆ ಉಪವಾಸವೇ ಗತಿ. ಆ ವಿದ್ಯಾರ್ಥಿಯ ನೆಪದಲ್ಲಿ ನಾನು ಗೇಲಿ ಮಾಡಿದ್ದು ಗೋಡೆಗೆ ಮುಖಮಾಡಿ ನಿಂತಿದ್ದ ‘ಆಲು’ವನ್ನು.

ಯೂಂಗ್ ಈ ಶೋಧನೆಯನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡವರು. ಫ್ರಾಯ್ಡರ ಸ್ನೇಹ ಮುರಿದ 1913ರಿಂದ ಮೊದಲ್ಗೊಂಡು, ತಮ್ಮೊಳಗೆ ಎದ್ದ ರೂಪಗಳೊಡನೆ ಸಂಭಾಷಿಸಿ ಅದನ್ನು ಕರಿಯ ವಹಿಗಳಲ್ಲಿ ಬರೆದಿಟ್ಟರು. ಅನಂತರ ಕೆಂಪು ತೊಗಲಿನ ರಟ್ಟಿನ ದೊಡ್ಡ ಪುಸ್ತಕಕ್ಕೆ ಚಿತ್ರಸಹಿತ ಇಳಿಸಿದರು. ಆ ‘ಕೆಂಪು ಪುಸ್ತಕ’ ಅಚ್ಚಾದದ್ದು 2009ರಲ್ಲಿ, ಅವರು ತೀರಿಕೊಂಡು 48 ವರ್ಷಗಳಾದ ಮೇಲೆ. ಒಳಗಿನವನನ್ನು ಓಡಿಸದೆ ಕೂರಿಸಿ ಮಾತನಾಡಿಸುವುದು: ಮಾರ್ಗ ಇಷ್ಟೆ. ಆದರೆ ತೀವ್ರ ಖಿನ್ನತೆಯಿಂದ ನರಳುವವರು ವೈದ್ಯರ ನೆರವಿಲ್ಲದೆ ಒಬ್ಬರೇ ಇಳಿಯತಕ್ಕ ಬಾವಿ ಇದಲ್ಲ.

ಹುಡುಗ ಬಾರದ ಮೂರನೆಯ ರಾತ್ರಿ ನಾನೂ ಕಾಗದವನ್ನು ಮುಂದಿಟ್ಟುಕೊಂಡು ಆ ಬಾಲಕನನ್ನು ಕೇಳಿದೆ: ‘ನಿನಗೇನು ಬೇಕು?’ ಬಹಳ ಹೊತ್ತಿನ ಮೇಲೆ ನನ್ನ ಲೇಖನಿಯಿಂದ ಬಂದದ್ದು ಒಂದೇ ಸಾಲು: ‘ನಮ್ಮವ್ವ ಆಡೋ ಮಾತು ತಪ್ಪಾ?’

ಅದಕ್ಕೆ ಉತ್ತರ ನಾನು ವರ್ಷವರ್ಷವೂ ಬೋಧಿಸುವ ಭಾಷಾಚರಿತ್ರೆಯಲ್ಲೇ ಇತ್ತು. ಹಳಗನ್ನಡದ ‘ಪಾಲ್’ ಮುಂದೆ ‘ಹಾಲು’ ಆಯಿತು. ‘ಪಗೆ’ ‘ಹಗೆ’ ಆಯಿತು. 10ನೆಯ ಶತಮಾನದ ಪಂಪನ ಕಿವಿಗೆ ನನ್ನ ಶುದ್ಧವಾದ ‘ಹಗೆ’ಯೂ ಅಪಭ್ರಂಶವೆನಿಸುತ್ತಿತ್ತೋ ಏನೋ! ಪಕಾರ ಹಕಾರವಾದುದನ್ನು ಭಾಷೆಯ ಬೆಳವಣಿಗೆಯೆಂದು ವಿವರಿಸುವ ನಾನು, ಹಕಾರ ಉದುರಿದುದನ್ನು ಮಾತ್ರ ಅನಾಗರಿಕತೆಯೆಂದು ಬಗೆದಿದ್ದೆ. ಶಿಷ್ಟಭಾಷೆಯ ಅಭ್ಯಾಸ ಬೇಕು, ನಿಜ. ಅದಕ್ಕಾಗಿ ಹೆತ್ತವಳ ನುಡಿಗೆ ನಾಚಬೇಕಾಗಿಲ್ಲ.

ನಾಲ್ಕನೆಯ ದಿನ ಹುಡುಗ ಬಂದು ಕೊನೆಯ ಬೆಂಚಿನಲ್ಲಿ ಕುಳಿತ. ನಾನು ಕರಿಹಲಗೆಯ ಮೇಲೆ ‘ಪಗೆ, ಹಗೆ, ಅಗೆ’ ಎಂದು ಮೂರನ್ನೂ ಬರೆದು ವಿವರಿಸಿದೆ. ನನ್ನ ಹಳೆಯ ಅಡ್ಡಹೆಸರನ್ನೂ ಹೇಳಿ, ಎಲ್ಲರೆದುರಿಗೆ ಅವನ ಕ್ಷಮೆ ಕೇಳಿದೆ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ಎದ್ದುನಿಂತು, “ನಿಮ್ಮೂರು ಯಾವುದು ಸಾರ್?” ಎಂದ.

ಆ ಪ್ರಶ್ನೆ ಬಂದಾಗಲೆಲ್ಲ ಜಿಲ್ಲೆಯ ಹೆಸರು ಹೇಳಿ ಪಾರಾಗುವುದು ನನ್ನ ರೂಢಿ. ಅಂದು ಊರಿನ ಹೆಸರನ್ನೇ ಹೇಳಿದೆ. ಅದು ಹಕಾರದಿಂದ ಆರಂಭವಾಗುವ ಹೆಸರು. ನಮ್ಮವ್ವ ಹೇಳುವಂತೆಯೇ ಹೇಳಿದೆ.